ಕಾಂತಕ್ಕೆ ಕರೆಂಟು ಬೇಡ, ತಂಪಿಗೆ ಬೇಕು

1868ರ ಆಗಸ್ಟ್ 18ರ ಬೆಳಿಗ್ಗೆ ಸುರಪುರ, ಶಹಾಪುರ, ಯಾದಗಿರಿಗಳಲ್ಲಿ ಹೊತ್ತೇರಿದ ಮೇಲೆ ಮತ್ತೆ ಕತ್ತಲಾಯಿತು. ಖಗ್ರಾಸ ಸೂರ್ಯಗ್ರಹಣದ ನೆರಳು ಜಮಖಂಡಿ, ವಿಜಯಪುರಗಳನ್ನು ಹಾದು, ಕೃಷ್ಣಾ–ಭೀಮಾ ತೀರದ ಈ ಸೀಮೆಯನ್ನು ಮುಚ್ಚಿ, ಗುಂಟೂರು, ಮಚಲೀಪಟ್ಟಣಗಳ ದಾರಿ ಹಿಡಿಯಿತು. ದುರ್ಬೀನುಗಳು ಈ ದಾರಿಯ ಎರಡೂ ತುದಿಗೆ ಕಾದಿದ್ದವು. ಜಮಖಂಡಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಮಚಲೀಪಟ್ಟಣದಲ್ಲಿ ಮದ್ರಾಸ್ ವೀಕ್ಷಣಾಲಯದ ಪಾಗ್ಸನ್. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಯ ಬೆಳಕನ್ನು ಒಡೆದು ನೋಡಿದಾಗ ಒಂದು ಹಳದಿ ಗೆರೆ ಕಂಡಿತು. ಅದು ಉಪ್ಪಿನಲ್ಲಿರುವ ಸೋಡಿಯಂನದೇ ಗೆರೆ ಎಂಬುದು ಮೊದಲ ಊಹೆ. ಅದೇ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್ ಆ ಗೆರೆಯನ್ನು ಗ್ರಹಣವಿಲ್ಲದೆಯೇ ಹಿಡಿದು, ಅದು ಸೋಡಿಯಂನ ಜಾಗದಿಂದ ಕೊಂಚ ಸರಿದಿದೆ ಎಂದು ಕಂಡುಕೊಂಡ. ಭೂಮಿಯ ಮೇಲೆ ಯಾರೂ ಕಾಣದ ಆ ಧಾತುವಿಗೆ ಗ್ರೀಕರ ಸೂರ್ಯನ ಹೆಸರು ಬಂತು: ಹೀಲಿಯಂ. ಇವತ್ತು ಜಿಲ್ಲಾ ಆಸ್ಪತ್ರೆಯೊಂದಕ್ಕೆ ಎಂಆರ್‌ಐ ಯಂತ್ರ ತರಿಸುವ ಮಾತು ಎದ್ದಾಗ, ಲೆಕ್ಕದ ಕಾಗದದಲ್ಲಿ ಎಲ್ಲೋ ಒಂದು ಸಾಲಿನಲ್ಲಿ ಕೂತಿರುವುದು ಇದೇ ಅನಿಲ. ಈ ಲೇಖನ ಆ ಒಂದು ಸಾಲಿನ ಬಗ್ಗೆ.

ಸೂರ್ಯನಲ್ಲಿ ಕಂಡದ್ದನ್ನು ನೆಲದಲ್ಲಿ ಹಿಡಿಯಲು 27 ವರ್ಷ ಬೇಕಾಯಿತು. 1895ರಲ್ಲಿ ವಿಲಿಯಂ ರ‍್ಯಾಮ್ಸೆ ಕ್ಲೀವೈಟ್ ಎಂಬ ಯುರೇನಿಯಂ ಖನಿಜವನ್ನು ಆಮ್ಲದಲ್ಲಿ ಕರಗಿಸಿದಾಗ ಬುಳುಬುಳು ಎದ್ದ ಅನಿಲದಲ್ಲಿ ಅದೇ ಹಳದಿ ಗೆರೆ ಇತ್ತು. ಯುರೇನಿಯಂ ಖನಿಜದಲ್ಲೇ ಸಿಕ್ಕಿದ್ದು ಆಕಸ್ಮಿಕವಲ್ಲ. ಯುರೇನಿಯಂನ ಒಂದು ಪರಮಾಣು ಒಡೆದು ಒಡೆದು ಕೊನೆಗೆ ಸೀಸವಾಗಿ ನಿಲ್ಲುವಷ್ಟರಲ್ಲಿ ಎಂಟು ಆಲ್ಫಾ ಕಣಗಳನ್ನು ಹೊರಹಾಕುತ್ತದೆ. ಒಂದೊಂದು ಆಲ್ಫಾ ಕಣವೂ ಎರಡು ಎಲೆಕ್ಟ್ರಾನ್ ಹಿಡಿದುಕೊಂಡರೆ ಒಂದು ಹೀಲಿಯಂ ಪರಮಾಣು. ಬಲೂನಿನಲ್ಲಿರುವುದೂ ಎಂಆರ್‌ಐ ಕಾಂತದಲ್ಲಿರುವುದೂ ಹೀಗೆ ಬಂಡೆಯೊಳಗೆ ಹುಟ್ಟಿದ್ದೇ. ಶಹಾಪುರದಿಂದ ಕೂಗಳತೆಯಲ್ಲದಿದ್ದರೂ ಅದೇ ತಾಲ್ಲೂಕಿನ ಗೋಗಿಯಲ್ಲಿ, ಭೀಮಾ ಕಣಿವೆಯ ಸುಣ್ಣಕಲ್ಲು ಮತ್ತು ಅದರಡಿಯ ಗ್ರಾನೈಟ್ ಸೇರುವ ಬಿರುಕಿನಲ್ಲಿ ಅಣು ಖನಿಜ ನಿರ್ದೇಶನಾಲಯದವರು ಯುರೇನಿಯಂ ಪತ್ತೆಹಚ್ಚಿದ್ದು ಈ ಸೀಮೆಯವರಿಗೆ ಗೊತ್ತಿರುವ ಸಂಗತಿ. ಗಣಿ ಬೇಕೋ ಬೇಡವೋ ಎಂಬ ಜಗಳವೂ ಗೊತ್ತಿರುವುದೇ. ಹಾಗಾದರೆ ಕಾಂತದ ತಂಪಿಗೆ ಬೇಕಾದ ಅನಿಲ ನಮ್ಮ ಕಾಲ ಕೆಳಗೇ ಇದೆಯಲ್ಲ ಎನ್ನಬಹುದು. ಲೆಕ್ಕ ಹಾಕಿದರೆ ಆಸೆ ಇಳಿಯುತ್ತದೆ. ಒಂದು ಟನ್ ಯುರೇನಿಯಂ ವರ್ಷವಿಡೀ ಒಡೆದು ಕೊಡುವ ಹೀಲಿಯಂ ಸುಮಾರು 0.12 ಘನ ಸೆಂಟಿಮೀಟರ್. ಒಂದು ಲೀಟರ್ ಅನಿಲಕ್ಕೆ ಎಂಟು ಸಾವಿರ ವರ್ಷದ ಮೇಲೆ. ಹಳೆ ಮಾದರಿಯ ಒಂದು ಎಂಆರ್‌ಐ ಯಂತ್ರ ಹಿಡಿಯುವ 1,500 ಲೀಟರ್ ದ್ರವ ಹೀಲಿಯಂ ಎಂದರೆ ಹತ್ತು ಲಕ್ಷ ಲೀಟರಿಗೂ ಮಿಕ್ಕಿದ ಅನಿಲ. ಒಂದೇ ಟನ್ನಿನಿಂದ ಅಷ್ಟನ್ನು ತುಂಬಿಸಿಕೊಳ್ಳಲು 900 ಕೋಟಿ ವರ್ಷ ಕಾಯಬೇಕು. ಭೂಮಿಗೆ ಇನ್ನೂ 450 ಕೋಟಿ. ಮೇಲಾಗಿ ಬಿರುಕು ಬಿಟ್ಟ ಬಂಡೆಯಲ್ಲಿ ಈ ಅನಿಲ ನಿಲ್ಲುವುದಿಲ್ಲ, ಸೋರಿ ಗಾಳಿ ಸೇರುತ್ತದೆ, ಗಾಳಿಯಿಂದಲೂ ಮೇಲೇರಿ ಅಂತರಿಕ್ಷಕ್ಕೆ ಜಾರುತ್ತದೆ. ಅಪಾರ ವಿಸ್ತಾರದ ಬಂಡೆಯಲ್ಲಿ ಅಪಾರ ಕಾಲ ಹುಟ್ಟಿ, ಮೇಲೆ ಉಪ್ಪಿನ ಪದರದಂಥ ಬಿಗಿಯಾದ ಮುಚ್ಚಳ ಬಿದ್ದು, ನೈಸರ್ಗಿಕ ಅನಿಲದ ಜೊತೆ ಸಿಕ್ಕಿಬಿದ್ದ ಕಡೆ ಮಾತ್ರ ಅದು ತೆಗೆಯಲು ಸಿಗುತ್ತದೆ: ಅಮೆರಿಕದಲ್ಲಿ, ಕತಾರಿನಲ್ಲಿ, ಅಲ್ಜೀರಿಯಾದಲ್ಲಿ, ರಷ್ಯಾದಲ್ಲಿ. ಬಂಗಾಳದ ಬಕ್ರೇಶ್ವರದ ಬಿಸಿನೀರ ಬುಗ್ಗೆಗಳಿಂದ ನಮ್ಮ ಪರಮಾಣು ವಿಜ್ಞಾನಿಗಳು ಹೀಲಿಯಂ ಹಿಡಿದು ತೋರಿಸಿದ್ದಾರೆ, ನಿಜ; ಆದರೂ ದೇಶ ಬಳಸುವುದು ಹೆಚ್ಚುಕಮ್ಮಿ ಪೂರ್ತಿ ಹಡಗಿನಲ್ಲಿ ಬಂದದ್ದು.

ಇಷ್ಟು ಅಪರೂಪದ ವಸ್ತುವನ್ನು ಕಾಂತಕ್ಕೆ ಸುರಿಯುವುದೇಕೆ? 1908ರ ಜುಲೈ 10ರಂದು ಹಾಲೆಂಡಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನಸ್ ಹೀಲಿಯಂ ಅನಿಲವನ್ನು ಮೊದಲ ಬಾರಿ ದ್ರವವಾಗಿಸಿದ. ಅದು ಕುದಿಯುವುದು 4.2 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ. ಮೂರು ವರ್ಷದ ನಂತರ ಆ ದ್ರವದಲ್ಲಿ ಪಾದರಸವನ್ನು ಅದ್ದಿದಾಗ ಅದರ ವಿದ್ಯುತ್ ರೋಧ ಏಕಾಏಕಿ ಮಾಯವಾಯಿತು. ಅತಿವಾಹಕ ಸ್ಥಿತಿ ಎಂದರೆ ಇದೇ: ಒಮ್ಮೆ ಹರಿಸಿದ ಕರೆಂಟು ಸುರುಳಿಯೊಳಗೆ ಸುತ್ತುತ್ತಲೇ ಇರುತ್ತದೆ, ಬಿಸಿಯಾಗುವುದಿಲ್ಲ, ಸವೆಯುವುದಿಲ್ಲ. ಎಂಆರ್‌ಐ ಕಾಂತದ ಸುರುಳಿ ನಯೋಬಿಯಂ–ಟೈಟಾನಿಯಂ ಮಿಶ್ರಲೋಹದ್ದು. ಅದು 9 ಕೆಲ್ವಿನ್ ಆಸುಪಾಸಿನ ಕೆಳಗಷ್ಟೇ ಅತಿವಾಹಕ. ಬಲವಾದ ಕಾಂತಕ್ಷೇತ್ರದಲ್ಲಿ ಆ ಮಿತಿ ಇನ್ನೂ ತಗ್ಗುತ್ತದೆ. ಹಾಗಾಗಿ 4 ಕೆಲ್ವಿನ್ ಎಂಬುದು ಶೋಕಿಯಲ್ಲ, ಬದುಕುಳಿಯುವ ಅಂಚು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ. ಚಾರ್ಜ್ ಆದ ಮೇಲೆ ಈ ಕಾಂತಕ್ಕೆ ಹೊರಗಿನ ಕರೆಂಟಿನ ಹಂಗೇ ಇಲ್ಲ. ತಂತಿ ಕಿತ್ತಿಟ್ಟರೂ ಅದರ ಬಲ ವರ್ಷಗಟ್ಟಲೆ ಕುಂದುವುದಿಲ್ಲ. ಕರೆಂಟು ಬೇಕಿರುವುದು ತಂಪಿಗೆ. ಹಾಗಾಗಿ ಒಂದು ಊರಿಗೆ ಯಾವ ಕಾಂತ ಒಗ್ಗುತ್ತದೆ ಎಂಬ ಪ್ರಶ್ನೆ ನಿಜಕ್ಕೂ ಕಾಂತದ ಪ್ರಶ್ನೆಯಲ್ಲ. ಆ ಊರಿನಲ್ಲಿ ಕರೆಂಟು ಹೋದಾಗ ತಂಪು ಎಷ್ಟು ಹೊತ್ತು ನಿಲ್ಲುತ್ತದೆ, ಕಳೆದುಹೋದರೆ ಯಾರ ಕೈಯಿಂದ ಮರಳಿ ಬರುತ್ತದೆ ಎಂಬ ಪ್ರಶ್ನೆ. ಹೀಲಿಯಂ ಕೊಳದಲ್ಲಿ ಮುಳುಗಿಸಿಟ್ಟ ಕಾಂತಕ್ಕಿಂತ ಹೀಲಿಯಂ ಬಹುತೇಕ ಬೇಡದ ಒಣ ಕಾಂತವೇ ಯಾದಗಿರಿಯಂಥ ಜಿಲ್ಲೆಗೆ ಸರಿ ಎಂಬುದು ನನ್ನ ತೀರ್ಮಾನ. ಈ ಮಾತಿಗೆ ಎದುರಾಗುವ ತಕರಾರುಗಳು ಹಗುರವಾದವಲ್ಲ.

ಮೊದಲ ತಕರಾರು ಎಲ್ಲರ ಬಾಯಲ್ಲೂ ಬರುವಂಥದ್ದು. ಇದು ಬಿಸಿಲ ನಾಡು, ಬೇಸಿಗೆಯಲ್ಲಿ 43, 44, 45 ಡಿಗ್ರಿ. ಇಂಥಲ್ಲಿ ಮೈನಸ್ 269 ಡಿಗ್ರಿ ಕಾಯುವುದು ಆಗುವ ಮಾತೆ? ಆಗುತ್ತದೆ, ಮತ್ತು ಬೆಂಗಳೂರಿಗಿಂತ ಹೆಚ್ಚೇನೂ ಕಷ್ಟವಿಲ್ಲ. ತಣ್ಣಗಿರುವ ಜಾಗದಿಂದ ಶಾಖವನ್ನು ಎತ್ತಿ ಹೊರಗೆ ಚೆಲ್ಲುವುದು ಬಾವಿಯಿಂದ ನೀರು ಸೇದಿದ ಹಾಗೆ; ಆಳ ಹೆಚ್ಚಿದಷ್ಟು ಶ್ರಮ ಹೆಚ್ಚು. ಆದರೆ ಈ ಬಾವಿಯ ಆಳವನ್ನು ಡಿಗ್ರಿಗಳನ್ನು ಕಳೆದು ಅಳೆಯುವುದಲ್ಲ, ಭಾಗಿಸಿ ಅಳೆಯುವುದು. ಹೊರಗೆ 25 ಡಿಗ್ರಿ ಇದ್ದಾಗ 4.2 ಕೆಲ್ವಿನ್‌ನಿಂದ ಒಂದು ವ್ಯಾಟ್ ಶಾಖ ಎತ್ತಲು ಪ್ರಕೃತಿಯ ನಿಯಮ ಕೇಳುವ ಕನಿಷ್ಠ ದುಡಿಮೆ 70 ವ್ಯಾಟ್. ಹೊರಗೆ 45 ಡಿಗ್ರಿ ಇದ್ದರೆ 75 ವ್ಯಾಟ್. ನೂರಕ್ಕೆ ಏಳು ಹೆಚ್ಚಾಯಿತು, ಅಷ್ಟೇ. ತಳದ 4 ಕೆಲ್ವಿನ್ ಎದುರು ಮೇಲಿನ ಇಪ್ಪತ್ತು ಡಿಗ್ರಿ ಎಂಬುದು ಆಳದ ಬಾವಿಯ ದಂಡೆಗೆ ಒಂದು ವರಸೆ ಕಲ್ಲು ಜೋಡಿಸಿದಂತೆ. ಬಿಸಿ ಗೋಡೆಯಿಂದ ಹೊಮ್ಮುವ ವಿಕಿರಣದ ಮಾತು ಬೇರೆ, ಅದು ಉಷ್ಣತೆಯ ನಾಲ್ಕನೇ ಘಾತದಲ್ಲಿ ಏರುತ್ತದೆ. 45 ಡಿಗ್ರಿಯ ಕಪ್ಪು ಗೋಡೆಯ ಒಂದು ಚದರ ಮೀಟರ್ 580 ವ್ಯಾಟ್ ಸೂಸುತ್ತದೆ. ಆದರೆ ಕಾಂತದ ಸುತ್ತ ನಿರ್ವಾತವಿದೆ, ಅದರೊಳಗೆ ಅಲ್ಯೂಮಿನಿಯಂ ಬಳಿದ ತೆಳು ಪ್ಲಾಸ್ಟಿಕ್ ಹಾಳೆಗಳನ್ನು ಕೌದಿಯಂತೆ ಪದರಪದರವಾಗಿ ಹೊದಿಸಿದೆ, ಆ ಕೌದಿಯೊಳಗೆ 50 ಕೆಲ್ವಿನ್‌ನ ಒಂದು ಲೋಹದ ತಡೆಗೋಡೆಯಿದೆ. ಅದೇ ನಾಲ್ಕನೇ ಘಾತದ ನಿಯಮ ಈಗ ನಮ್ಮ ಪರ ಕೆಲಸ ಮಾಡುತ್ತದೆ: 50 ಕೆಲ್ವಿನ್‌ನ ಗೋಡೆ ಚದರ ಮೀಟರಿಗೆ ಅರ್ಧ ವ್ಯಾಟೂ ಸೂಸದು. ಸುರುಳಿಗೆ ಕಾಣುವುದು ಆ ಗೋಡೆಯೇ ಹೊರತು ಮೇ ತಿಂಗಳ ಯಾದಗಿರಿಯಲ್ಲ.

ಬಿಸಿಲು ಒಳಬರುವುದು ಹಿಂಬಾಗಿಲಿನಿಂದ. ಹೀಲಿಯಂನ ದೊಡ್ಡ ದೌರ್ಬಲ್ಯವೆಂದರೆ ಆವಿಯಾಗುವಾಗ ಅದು ಹೀರುವ ಶಾಖ ತೀರಾ ಕಡಿಮೆ. ಉತ್ತರ ಕರ್ನಾಟಕದ ಮನೆಗಳ ರಂಜಣಿಗೆ ಬೇಸಿಗೆಯಲ್ಲೂ ನೀರನ್ನು ತಣ್ಣಗಿಡುವುದು ಮಣ್ಣಿನ ರಂಧ್ರದಿಂದ ಜಿನುಗಿದ ನೀರು ಆವಿಯಾಗುತ್ತ ಬೇಕಾದಷ್ಟು ಶಾಖ ಒಯ್ಯುವುದರಿಂದ. ಒಂದು ಲೀಟರ್ ನೀರು ಒಯ್ಯುವಷ್ಟು ಶಾಖ ಒಯ್ಯಲು 850 ಲೀಟರಿಗೂ ಹೆಚ್ಚು ದ್ರವ ಹೀಲಿಯಂ ಬೇಕು. ಒಂದೇ ಒಂದು ವ್ಯಾಟ್ ಶಾಖ ಒಳಸೋರಿದರೂ ಗಂಟೆಗೆ 1.4 ಲೀಟರ್ ಆರಿಹೋಗುತ್ತದೆ. 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಒಳಗೆ ಉರಿಯುತ್ತದೆ ಎಂದುಕೊಳ್ಳಿ, 1,500 ಲೀಟರ್ ಐದು ದಿನಕ್ಕೆ ಮುಗಿಯಿತು. ಹಾಗಾಗಿ ಹಳೆಯ ಯಂತ್ರಗಳಲ್ಲಿ ಹೀಲಿಯಂನ ಕೊಳದ ಸುತ್ತ ದ್ರವ ಸಾರಜನಕದ ಇನ್ನೊಂದು ಕೊಳವಿರುತ್ತಿತ್ತು. ಎರಡನ್ನೂ ಆಗಾಗ ತುಂಬಬೇಕಿತ್ತು. ಆಮೇಲೆ ಸಾರಜನಕದ ಜಾಗಕ್ಕೆ ಪಿಸ್ಟನ್ನಿನಂತೆ ಮೇಲೆಕೆಳಗೆ ಆಡುವ ಕ್ರಯೋಕೂಲರ್ ಬಂತು. ಮೊದಮೊದಲು ಅದು 10 ಕೆಲ್ವಿನ್‌ವರೆಗೆ ಇಳಿದು ನಿಲ್ಲುತ್ತಿತ್ತು, ಏಕೆಂದರೆ ಅಷ್ಟು ತಣ್ಣಗಾದ ಮೇಲೆ ಸೀಸವಾಗಲಿ ತಾಮ್ರವಾಗಲಿ ಶಾಖವನ್ನು ಹಿಡಿದಿಡುವುದೇ ಇಲ್ಲ. ಎರ್ಬಿಯಂ, ಹೋಲ್ಮಿಯಂಗಳಂಥ ವಿರಳ ಲೋಹಗಳ ಕಾಳುಗಳನ್ನು ಒಳಗೆ ತುಂಬಿದ ಮೇಲೆ ಅದು 4 ಕೆಲ್ವಿನ್‌ಗೆ ಇಳಿಯಿತು, ಎದ್ದ ಹೀಲಿಯಂ ಆವಿಯನ್ನು ಅಲ್ಲೇ ಹನಿಸಿ ಕೊಳಕ್ಕೆ ಮರಳಿಸತೊಡಗಿತು. ಇಂಥ ಯಂತ್ರಕ್ಕೆ ‘ಆವಿ ನಷ್ಟ ಸೊನ್ನೆ’ ಎಂಬ ಹೆಸರು. ಆ ಸೊನ್ನೆಯ ಬೆಲೆ ಹೊರಗೆ ಕಾಣುತ್ತದೆ: ತಳದಲ್ಲಿ ಒಂದು ಒಂದೂವರೆ ವ್ಯಾಟ್ ಶಾಖ ಎತ್ತಲು ಕಂಪ್ರೆಸರ್ ಹಗಲೂ ಇರುಳೂ ಏಳು ಕಿಲೊವ್ಯಾಟ್ ತಿನ್ನುತ್ತದೆ, ಹೆಚ್ಚುಕಮ್ಮಿ ಹತ್ತು ಎಚ್.ಪಿ. ಪಂಪ್‌ಸೆಟ್ಟಿನಷ್ಟು. ಆ ಏಳೂ ಕಿಲೊವ್ಯಾಟ್ ಕೊನೆಗೆ ಬಿಸಿನೀರಾಗಿ ಮಾಳಿಗೆಯ ಮೇಲಿನ ಚಿಲ್ಲರಿಗೆ ಹೋಗಿ, ಅಲ್ಲಿಂದ ಗಾಳಿಗೆ ಇಳಿಯಬೇಕು. 45 ಡಿಗ್ರಿಯ ಗಾಳಿಯಲ್ಲಿ ಚಿಲ್ಲರ್ ಸೋತರೆ ಕಂಪ್ರೆಸರ್ ತಾನಾಗಿ ನಿಲ್ಲುತ್ತದೆ. ಸುಣ್ಣಕಲ್ಲಿನ ಸೀಮೆಯ ಗಡಸು ನೀರನ್ನು ಹಾಗೇ ಬಿಟ್ಟರೆ ಕೊಳವೆಯೊಳಗೆ ಬಿಳಿ ಪರೆ ಕಟ್ಟಿ ಇನ್ನೂ ಬೇಗ ಸೋಲುತ್ತದೆ. ಬಿಸಿಲಿನ ಜೊತೆ ಹೋರಾಟವಿರುವುದು ಇಲ್ಲಿ, ಮಾಳಿಗೆಯ ಮೇಲೆ. ಅದಕ್ಕೆ ಮದ್ದೂ ಸಾಮಾನ್ಯ ಎಂಜಿನಿಯರಿಂಗ್: ದೊಡ್ಡ ಚಿಲ್ಲರ್, ನೆರಳು, ಶುದ್ಧೀಕರಿಸಿದ ನೀರಿನ ಮುಚ್ಚಿದ ಸುತ್ತು.

ಈಗ ಒಣ ಕಾಂತದ ಮಾತು. ಸುರುಳಿಯನ್ನು ಕೊಳದಲ್ಲಿ ಮುಳುಗಿಸುವ ಬದಲು, ತಾಮ್ರದ ಪಟ್ಟಿಗಳಿಂದಲೋ ಕೂದಲೆಳೆಯ ಕೊಳವೆಗಳಲ್ಲಿ ಸುತ್ತುವ ಚೂರು ಹೀಲಿಯಂನಿಂದಲೋ ನೇರ ಕ್ರಯೋಕೂಲರಿಗೆ ಜೋಡಿಸುವ ದಾರಿ ಇದು. 2018ರಲ್ಲಿ ಫಿಲಿಪ್ಸ್ ತಂದ 1.5 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಯಂತ್ರದಲ್ಲಿದ್ದ ಹೀಲಿಯಂ ಏಳೇ ಲೀಟರ್, ಅದೂ ಕಾರ್ಖಾನೆಯಲ್ಲೇ ಬೆಸುಗೆ ಹಾಕಿ ಮುಚ್ಚಿದ್ದು. ಎರಡು ವರ್ಷದ ನಂತರ ಸೀಮೆನ್ಸ್ 0.55 ಟೆಸ್ಲಾದ ಕಾಂತವನ್ನು ಒಂದು ಲೀಟರಿಗಿಂತ ಕಡಿಮೆಯಲ್ಲಿ ನಡೆಸಿತು. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಕಂಪನಿ ದ್ರವ ಹೀಲಿಯಂನ ಹಂಗಿಲ್ಲದ 1.5 ಟೆಸ್ಲಾ ಸ್ಕ್ಯಾನರ್ ಕಟ್ಟಿ ಮಹಾರಾಷ್ಟ್ರದ ಚಂದ್ರಪುರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಿಲ್ಲಿಸಿದೆ. ಚಂದ್ರಪುರವೆಂದರೆ ಬೇಸಿಗೆಯಲ್ಲಿ ದೇಶದ ಅತಿ ಬಿಸಿ ಊರುಗಳ ಪಟ್ಟಿಯಲ್ಲಿ ತಪ್ಪದೆ ಬರುವ ಊರು, ಯಾದಗಿರಿ ಅದರ ಮುಂದೆ ತಂಪು. ಒಣ ಕಾಂತದಿಂದ ಇನ್ನೊಂದು ಪೀಡೆಯೂ ತಪ್ಪುತ್ತದೆ. ಸುರುಳಿಯ ಒಂದು ಮೂಲೆ ಅತಿವಾಹಕತೆ ಕಳೆದುಕೊಂಡರೆ ಅಲ್ಲಿ ಬಿಸಿ ಹುಟ್ಟಿ, ಆ ಬಿಸಿ ಪಕ್ಕದ ಮೂಲೆಗೆ ಹಬ್ಬಿ, ಕ್ಷಣಗಳಲ್ಲಿ ಇಡೀ ಕಾಂತ ಕುಸಿಯುತ್ತದೆ; ತಂತ್ರಜ್ಞರ ಬಾಯಲ್ಲಿ ಇದು ಕ್ವೆಂಚ್. ಕೊಳದ ಕಾಂತದಲ್ಲಿ ಆಗ ದ್ರವ ಹೀಲಿಯಂ ಭೋರ್ಗರೆದು ಅನಿಲವಾಗಿ ಏಳುನೂರೈವತ್ತು ಪಟ್ಟು ಉಬ್ಬುತ್ತದೆ. ಅದನ್ನು ಹೊರಗೆ ಒಯ್ಯಲು ಚಾವಣಿಯಾಚೆ ದಪ್ಪ ಕೊಳವೆ ಬೇಕೇ ಬೇಕು, ಆ ಕೊಳವೆ ಕಟ್ಟಿಕೊಂಡಿದ್ದರೆ ಕೋಣೆಯ ಆಮ್ಲಜನಕವನ್ನೇ ಹೊರದಬ್ಬಿ ಒಳಗಿದ್ದವರ ಉಸಿರು ಕಟ್ಟಿಸಬಹುದು. ಮುಚ್ಚಿದ ಕಾಂತಕ್ಕೆ ಆ ಕೊಳವೆ ಬೇಡ. ಹಳೆಯ ಆಸ್ಪತ್ರೆ ಕಟ್ಟಡದ ನೆಲಮಾಳಿಗೆಗೂ ಅದನ್ನು ಇಳಿಸಬಹುದು, ಲಾರಿಯ ಮೇಲೂ ಕೂರಿಸಬಹುದು.

ಎರಡನೆಯ ತಕರಾರು ಬಲವಾದದ್ದು. ಅದನ್ನು ಎತ್ತುವವರು ಕಾಂತ ಬಲ್ಲವರು. ಕರೆಂಟು ನೆಚ್ಚಲಾಗದ ಕಡೆ ಕೊಳವೇ ಅಲ್ಲವೆ ಬೇಕಾದದ್ದು ಎನ್ನುತ್ತಾರೆ ಅವರು. ಕಾಲುವೆಗೆ ನೀರು ನಿಂತಾಗ ಊರ ಕೆರೆ ಕಾಯುವ ಹಾಗೆ, ಕಂಪ್ರೆಸರ್ ನಿಂತಾಗ 1,500 ಲೀಟರ್ ಹೀಲಿಯಂ ದಿನಗಟ್ಟಲೆ ಕಾಯುತ್ತದೆ. ಒಣ ಕಾಂತಕ್ಕೆ ಕೆರೆಯೇ ಇಲ್ಲ. 4 ಕೆಲ್ವಿನ್‌ನಲ್ಲಿ ತಾಮ್ರ ಶಾಖ ಹಿಡಿಯುವ ಶಕ್ತಿ ನಮ್ಮ ಕೋಣೆಯ ಉಷ್ಣತೆಯಲ್ಲಿ ಇರುವುದರ ನಾಲ್ಕು ಸಾವಿರದಲ್ಲಿ ಒಂದು ಪಾಲು. ಒಂದಿಡೀ ಟನ್ ತಾಮ್ರವನ್ನು ಒಂದು ವ್ಯಾಟ್ ಶಾಖ ನೂರು ಸೆಕೆಂಡಿನಲ್ಲಿ ಒಂದು ಡಿಗ್ರಿ ಏರಿಸಿಬಿಡುತ್ತದೆ. ಆ ಏಳು ಲೀಟರ್ ಹೀಲಿಯಂ ಕೂಡ ಲೆಕ್ಕದಲ್ಲಿ ಒಂದು ವ್ಯಾಟಿಗೆ ಐದು ಗಂಟೆ ತಡೆದೀತು, ಅಷ್ಟೇ. ಈ ಮಾತೆಲ್ಲ ಖರೆ. ಆದರೆ ಇದು ಅರ್ಧ ಲೆಕ್ಕ. ಇನ್ನರ್ಧ, ತಂಪು ಕಳೆದುಹೋದ ಮೇಲಿನದು. ಕೊಳ ಬತ್ತಿದರೆ ತುಂಬಲು ಮೋಡ ಬರುವುದಿಲ್ಲ. ದ್ರವ ಹೀಲಿಯಂ ಕತಾರಿನ ರಾಸ್ ಲಫಾನ್‌ನಿಂದಲೋ ಅಮೆರಿಕದಿಂದಲೋ ಕಂಟೇನರಿನಲ್ಲಿ ಹೊರಟು, ದಾರಿಯುದ್ದಕ್ಕೂ ಸವೆಯುತ್ತ, ಮಹಾನಗರದ ಗೋದಾಮಿಗೆ ಇಳಿದು, ಪಾತ್ರೆ ಬದಲಿಸಿ ಲಾರಿ ಏರಿ ಇಲ್ಲಿಗೆ ಬರಬೇಕು. ಪಾತ್ರೆ ಬದಲಿಸುವ ಪ್ರತಿಸಲವೂ ಒಂದಷ್ಟು ಗಾಳಿಪಾಲು. ಬಿಲ್ಲು ಲಕ್ಷಗಳಲ್ಲಿ. 2017ರ ಜೂನ್‌ನಲ್ಲಿ ನೆರೆದೇಶಗಳು ಕತಾರಿಗೆ ದಿಗ್ಬಂಧನ ಹಾಕಿದಾಗ ಅಲ್ಲಿನ ಹೀಲಿಯಂ ಘಟಕಗಳೇ ನಿಂತವು; ಕೊಲ್ಲಿಯ ರಾಜಕೀಯಕ್ಕೂ ಆಸ್ಪತ್ರೆಯ ಮೂಲೆಯ ಕೋಣೆಗೂ ಗಂಟು ಬಿದ್ದಿರುವುದು ಹೀಗೆ. ಮಹಾನಗರದ ದೊಡ್ಡ ಆಸ್ಪತ್ರೆ ಒಂದೇ ವಾರದಲ್ಲಿ ತರಿಸಿಕೊಳ್ಳಬಹುದಾದದ್ದಕ್ಕೆ ಜಿಲ್ಲಾ ಆಸ್ಪತ್ರೆ ಟಿಪ್ಪಣಿ, ಮಂಜೂರಾತಿ, ಟೆಂಡರು ಎನ್ನುತ್ತ ತಿಂಗಳುಗಟ್ಟಲೆ ಕಾಯಬೇಕಾದೀತು, ಅಷ್ಟರಲ್ಲಿ ಕಾಂತ ಪೂರ್ತಿ ಬಿಸಿಯಾಗಿರುತ್ತದೆ. ಒಣ ಕಾಂತ ಸೋಲುವುದು ಬೇಗ, ಒಪ್ಪಿದೆ. ಆದರೆ ಸೋಲುವಾಗ ಅದು ಏನನ್ನೂ ಚೆಲ್ಲುವುದಿಲ್ಲ. ಬಿಸಿ ಏರುತ್ತಿರುವುದನ್ನು ಅರಿತು ತನ್ನ ಕಾಂತಕ್ಷೇತ್ರವನ್ನು ತಾನೇ ಇಳಿಸಿಕೊಳ್ಳುವ ಏರ್ಪಾಡು ಇಂಥ ಯಂತ್ರಗಳಲ್ಲಿದೆ. ಕರೆಂಟು ಬಂದ ಮೇಲೆ ಕ್ರಯೋಕೂಲರ್ ಅದನ್ನು ಮತ್ತೆ ತಣಿಸುತ್ತದೆ, ಮತ್ತೆ ಚಾರ್ಜ್ ಮಾಡಿದರೆ ಮುಗಿಯಿತು. ಹೋದದ್ದು ಗಂಟೆಗಳು, ಕೆಟ್ಟ ಪಕ್ಷ ದಿನಗಳು. ಒಂದು ನಿಧಾನ ಸೋತು ದುಬಾರಿಯಾಗಿ ಮರಳುವುದು, ಇನ್ನೊಂದು ಬೇಗ ಸೋತು ಪುಕ್ಕಟೆ ಮರಳುವುದು. ಸರಕು ಸಾಗಣೆಯ ಕೊನೆಯ ತುದಿಯಲ್ಲಿರುವ ಊರು ಎರಡನೆಯದನ್ನು ಆರಿಸಿಕೊಳ್ಳುವುದು ಜಾಣತನ, ಏಕೆಂದರೆ ಕರೆಂಟು ಮರಳಿ ಬರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ; ಹೀಲಿಯಂ ಬರುತ್ತದೆ ಎಂಬುದರಲ್ಲಿದೆ.

ಇಷ್ಟೆಲ್ಲ ಫಜೀತಿ ಏಕೆ, ಶಾಶ್ವತ ಕಾಂತದ ಅಗ್ಗದ ಯಂತ್ರ ಸಾಲದೆ ಎಂದು ಕೇಳುವವರೂ ಇದ್ದಾರೆ. ನಿಯೋಡಿಮಿಯಂ–ಕಬ್ಬಿಣ–ಬೋರಾನ್ ಗಟ್ಟಿಗಳನ್ನು ಜೋಡಿಸಿದ 0.3 ಟೆಸ್ಲಾದ ಯಂತ್ರಕ್ಕೆ ಹೀಲಿಯಂ ಬೇಡ, ಕಂಪ್ರೆಸರ್ ಬೇಡ. ತಮಾಷೆಯೆಂದರೆ ಯಾದಗಿರಿಯ ಬಿಸಿಲಿಗೆ ನಿಜಕ್ಕೂ ಹೆದರುವುದು ಇದೇ. ಆ ಗಟ್ಟಿಯ ಬಲ ಒಂದು ಡಿಗ್ರಿ ಏರಿದರೆ ಸಾವಿರಕ್ಕೆ ಒಂದರಷ್ಟು ಕುಗ್ಗುತ್ತದೆ. ಎಂಆರ್‌ಐ ಚಿತ್ರಕ್ಕೆ ಬೇಕಾದದ್ದು ಹತ್ತು ಲಕ್ಷಕ್ಕೆ ಒಂದೆರಡು ಪಾಲಿನ ಸ್ಥಿರತೆ. ಹಾಗಾಗಿ ಅದನ್ನು ಒಂದೇ ಉಷ್ಣತೆಯಲ್ಲಿ ಬಿಗಿಯಾಗಿ ಕಾಯಬೇಕು, ಎ.ಸಿ. ನಿಂತ ಮಧ್ಯಾಹ್ನ ಚಿತ್ರವೂ ಕೆಡುತ್ತದೆ. 4 ಕೆಲ್ವಿನ್‌ನಲ್ಲಿ ಕೂತ ಅತಿವಾಹಕ ಸುರುಳಿಗೆ ಹೊರಗಿನ ಋತುಮಾನದ ಸುಳಿವೇ ಇರುವುದಿಲ್ಲ. ಸಂಕೇತದ ಬಲವೂ ಕಾಂತಕ್ಷೇತ್ರದ ಜೊತೆ ಇಳಿಯುವುದರಿಂದ ಒಂದು ಚಿತ್ರಕ್ಕೆ ಹೆಚ್ಚು ಹೊತ್ತು ಅಲ್ಲಾಡದೆ ಮಲಗಬೇಕು. ಮಂಡಿಗೋ ಬೆನ್ನಿಗೋ ಅದು ನಡೆದೀತು; ಹೊಸದಾಗಿ ಕೊಳ್ಳುವಾಗ ಅಷ್ಟಕ್ಕೇ ಕೈಕಟ್ಟಿಕೊಳ್ಳುವುದು ಬೇಡ.

ಸಾರಜನಕದ ದಾರಿ ಇನ್ನೂ ಆಸೆ ಹುಟ್ಟಿಸುವಂಥದ್ದು, ಮತ್ತು ಈ ಸೀಮೆಗೆ ಅದು ಅಪರಿಚಿತವೂ ಅಲ್ಲ. ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಇಡುವ, ಮುಚ್ಚಳ ತೆಗೆದರೆ ಬಿಳಿ ಹೊಗೆ ಸುರಿಯುವ ಆ ಅಲ್ಯೂಮಿನಿಯಂ ಜಾಡಿಯೊಳಗಿರುವುದು ದ್ರವ ಸಾರಜನಕವೇ, ಮೈನಸ್ 196 ಡಿಗ್ರಿ. ಆಕಳು ಎಮ್ಮೆಗಳ ನೆಪದಲ್ಲಿ ಕ್ರಯೋಜೆನಿಕ್ಸ್ ಹಳ್ಳಿಗಳಿಗೆ ಎಂದೋ ಬಂದುಬಿಟ್ಟಿದೆ, ನಾವು ಅದನ್ನು ಆ ಹೆಸರಿನಿಂದ ಕರೆಯಲಿಲ್ಲ, ಅಷ್ಟೆ. ಗಾಳಿಯಿಂದಲೇ ತೆಗೆಯಬಹುದಾದ ಈ ದ್ರವ ಒಂದು ಲೀಟರಿಗೆ ಹೀಲಿಯಂನ ಅರವತ್ತು ಪಟ್ಟು ಶಾಖ ಹೀರುತ್ತದೆ. 1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಪಿಂಗಾಣಿಯಂಥ ಹೊಸ ಅತಿವಾಹಕಗಳ ಬಾಗಿಲು ತೆರೆದರು, ಮರುವರ್ಷವೇ ಸಾರಜನಕದಲ್ಲೇ ಅತಿವಾಹಕವಾಗುವ ವಸ್ತು ಬಂತು. ಹಾಗಿದ್ದರೆ ಪಶು ಆಸ್ಪತ್ರೆಯ ಜಾಡಿಯಿಂದಲೇ ಕಾಂತ ನಡೆಸಬಾರದೇಕೆ? ಏಕೆಂದರೆ ಆ ವಸ್ತು 77 ಕೆಲ್ವಿನ್‌ನಲ್ಲಿ ಅತಿವಾಹಕವೇನೋ ಹೌದು, ಆದರೆ ಬಲವಾದ ಕಾಂತಕ್ಷೇತ್ರದಲ್ಲಿ ಸಾಕಷ್ಟು ಕರೆಂಟು ಹೊರಲಾರದು. ಹೊರಿಸಬೇಕಾದರೆ 20, 30 ಕೆಲ್ವಿನ್‌ಗೆ ಇಳಿಸಬೇಕು, ಅಲ್ಲಿ ಸಾರಜನಕ ಕಲ್ಲಾಗಿರುತ್ತದೆ. ಪಟ್ಟಿಯ ಬೆಲೆ ವಿಪರೀತ, ತುಂಡುಗಳನ್ನು ರೋಧವೇ ಇಲ್ಲದಂತೆ ಬೆಸೆಯುವುದು ಇನ್ನೂ ಪಳಗದ ವಿದ್ಯೆ. 2001ರಲ್ಲಿ ಗೊತ್ತಾದ ಮೆಗ್ನೀಸಿಯಂ ಡೈಬೋರೈಡ್ 39 ಕೆಲ್ವಿನ್‌ವರೆಗೆ ಅತಿವಾಹಕ, ತಂತಿಯೂ ಅಗ್ಗ. ಅದರಿಂದ ಅರ್ಧ ಟೆಸ್ಲಾದ ಯಂತ್ರಗಳು ಬಂದಿವೆ. ಮುಂದಿನ ಹತ್ತು ಹದಿನೈದು ವರ್ಷದಲ್ಲಿ ಈ ದಾರಿ ಗೆಲ್ಲಬಹುದು. ಗೆದ್ದರೂ ಅದನ್ನು ತಣಿಸುವುದು ಒಣ ಕ್ರಯೋಕೂಲರೇ, ಹಾಗಾಗಿ ಇವತ್ತು ಒಣ ಕಾಂತಕ್ಕೆ ಮಾಡಿಕೊಂಡ ಏರ್ಪಾಡು ವ್ಯರ್ಥವಾಗುವುದಿಲ್ಲ. 20 ಕೆಲ್ವಿನ್‌ನಲ್ಲಿ ಲೋಹಗಳಿಗೆ ಶಾಖ ಹಿಡಿಯುವ ಶಕ್ತಿ ಎಷ್ಟೋ ಪಟ್ಟು ಮರಳಿರುತ್ತದೆ. ಕರೆಂಟು ಹೋದಾಗ ತಡೆಯುವ ಹೊತ್ತೂ ಅಷ್ಟರಮಟ್ಟಿಗೆ ಹಿಗ್ಗುತ್ತದೆ.

ಕಲಬುರಗಿಗೋ ರಾಯಚೂರಿಗೋ ಹೋಗಿ ಬಂದರಾಯಿತು, ಇಲ್ಲಿ ಯಂತ್ರವೇಕೆ ಎಂಬ ಮಾತಿಗೆ ಹೆಚ್ಚು ಹೇಳುವುದಿಲ್ಲ. ಜಿಲ್ಲೆಗೆ ಈಗ ಸ್ವಂತ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಬೆನ್ನುಹುರಿಯ ಕ್ಷಯವನ್ನೋ ಮಗುವಿನ ಮೂರ್ಛೆಯ ಮೂಲವನ್ನೋ ಚಿತ್ರದಲ್ಲಿ ಗುರುತಿಸುವುದನ್ನು ವಿದ್ಯಾರ್ಥಿಗಳು ಪುಸ್ತಕದ ಮುದ್ರಿತ ಹಾಳೆಯಿಂದಷ್ಟೇ ಕಲಿಯಲಾಗದು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಿಗೆ ಮೊದಲು ಬೇಕಾದದ್ದು ಸಿ.ಟಿ. ಸ್ಕ್ಯಾನ್ ಎಂಬುದನ್ನೂ ಒಪ್ಪಬೇಕು. ಹಣ ಒಂದಕ್ಕೇ ಇದ್ದರೆ ಅದೇ ಮೊದಲಾಗಲಿ.

ಉಳಿದದ್ದು ಕರೆಂಟಿನ ಲೆಕ್ಕ. ಕಂಪ್ರೆಸರಿನ ಏಳು ಕಿಲೊವ್ಯಾಟ್ ದಿನಕ್ಕೆ 168 ಯೂನಿಟ್, ಚಿಲ್ಲರ್ ಬೇರೆ. ಇದು ರೋಗಿಯೊಬ್ಬನೂ ಬಾರದ ಭಾನುವಾರವೂ ಓಡುವ ಮೀಟರು. ಈ ಸೀಮೆಯ ಮಾಳಿಗೆಯಲ್ಲಿ ಒಂದು ಕಿಲೊವ್ಯಾಟ್ ಸೌರಫಲಕ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ ಎಂದು ಹಿಡಿದರೂ, ಕಂಪ್ರೆಸರಿನ ಪಾಲಿಗೆ 42 ಕಿಲೊವ್ಯಾಟ್ ಫಲಕ ಸಾಕು. ಆಸ್ಪತ್ರೆಯೊಂದರ ವಿಶಾಲ ಮಾಳಿಗೆಗೆ ಅದು ಭಾರವಲ್ಲ. ಚಿಲ್ಲರಿಗೆ ಅತಿ ಹೆಚ್ಚು ಕರೆಂಟು ಬೇಕಾಗುವುದು ಫಲಕಗಳು ಚೆನ್ನಾಗಿ ದುಡಿಯುವ ಬಿರುಬಿಸಿಲಿನ ಹೊತ್ತಿನಲ್ಲೇ ಎಂಬುದು ಬಿಸಿಲ ನಾಡಿಗೆ ಸಿಕ್ಕ ಅಪರೂಪದ ಅನುಕೂಲ. ರಾತ್ರಿಯ ಪಾಲಿಗೆ ಜೆಸ್ಕಾಂ ಲೈನು, ಅದು ಹೋದರೆ ಬ್ಯಾಟರಿ, ಬ್ಯಾಟರಿ ಮುಗಿಯುವಷ್ಟರಲ್ಲಿ ಡೀಸೆಲ್ ಜನರೇಟರು. ನಾಲ್ಕು ಗಂಟೆ ಕಂಪ್ರೆಸರ್ ಓಡಿಸಲು 28 ಯೂನಿಟ್ ಬ್ಯಾಟರಿ ಸಾಕು. ಆದರೆ ಆಸ್ಪತ್ರೆಗಳಲ್ಲಿ ಜನರೇಟರಿನ ತಂತಿ ಎಳೆಯುವಾಗ ಆಪರೇಷನ್ ಥಿಯೇಟರು, ಐಸಿಯು, ಹೆರಿಗೆ ಕೋಣೆಗಳ ಪಟ್ಟಿ ಬರುತ್ತದೆ, ಅದು ನ್ಯಾಯವೇ. ಎಂಆರ್‌ಐ ಕೋಣೆಯ ಸ್ಕ್ಯಾನರು ಆ ಪಟ್ಟಿಯ ಕೊನೆಗಿದ್ದರೂ ಅಡ್ಡಿಯಿಲ್ಲ. ಅದರ ಕಂಪ್ರೆಸರ್ ಮತ್ತು ಚಿಲ್ಲರ್ ಮಾತ್ರ ಬೇರೆ ತಂತಿಯಲ್ಲಿ ಐಸಿಯು ಜೊತೆ ನಿಲ್ಲಬೇಕು. ಚಿತ್ರ ತೆಗೆಯುವುದನ್ನು ನಾಳೆಗೆ ಹಾಕಬಹುದು, ತಂಪನ್ನು ಹಾಕಲಾಗದು.

ಟೆಂಡರು ಬರೆಯುವವರು ಸಾಮಾನ್ಯವಾಗಿ ಟೆಸ್ಲಾ ಎಷ್ಟು, ಚಿತ್ರ ಎಷ್ಟು ಚೂಪು, ವಾರಂಟಿ ಎಷ್ಟು ವರ್ಷ ಎಂದು ಕೇಳುತ್ತಾರೆ. ಯಾದಗಿರಿಯಂಥ ಜಿಲ್ಲೆಯ ಟೆಂಡರಿನಲ್ಲಿ ಇನ್ನೆರಡು ಅಂಕಿಗಳನ್ನು ಬರೆಸಿಕೊಳ್ಳಬೇಕು: ಹೊರಗೆ 45 ಡಿಗ್ರಿ ಇರುವಾಗ ಕರೆಂಟು ಪೂರ್ತಿ ಹೋದರೆ ಕಾಂತಕ್ಷೇತ್ರ ಎಷ್ಟು ಗಂಟೆ ನಿಲ್ಲುತ್ತದೆ, ನಿಲ್ಲದೆ ಇಳಿದರೆ, ಹೊರಗಿನಿಂದ ಒಂದು ಲೀಟರ್ ಹೀಲಿಯಂ ತರದೆ, ಮತ್ತೆ ಮೊದಲ ಚಿತ್ರ ತೆಗೆಯಲು ಎಷ್ಟು ಗಂಟೆ ಬೇಕು. ಯಂತ್ರ ನಡೆಸುವ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಹೇಳಿಕೊಡಬೇಕಾದದ್ದೂ ಒಂದಿದೆ. ಯಾರೂ ಮಲಗಿರದ, ದೀಪ ಆರಿಸಿದ ಎಂಆರ್‌ಐ ಕೋಣೆಯಲ್ಲೂ ಒಂದು ಸದ್ದು ಕೇಳುತ್ತಿರುತ್ತದೆ, ಸೆಕೆಂಡಿಗೊಮ್ಮೆ, ಹಕ್ಕಿಯ ಚಿಲಿಪಿಲಿಗೂ ಗಡಿಯಾರದ ಟಿಕ್‌ಟಿಕ್‌ಗೂ ನಡುವಿನಂಥದ್ದು. ಅದು ಕ್ರಯೋಕೂಲರ್ ಶಾಖ ಸೇದುವ ಸದ್ದು. ಅದು ನಿಂತ ಗಂಟೆ ನಿಮಿಷವನ್ನು ಗೋಡೆಯ ಹಾಳೆಯ ಮೇಲೆ ಬರೆದಿಟ್ಟು, ಆಮೇಲೆ ಫೋನ್ ಹಚ್ಚಬೇಕು.